ಅಂಚೆಯಲ್ಲಿ ಹೋದ ಗಿಡಗಳು

(ವಾರ್ಷಿಕ ನಿಧಿ ಸಂಗ್ರಹ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಯುಗಾದಿಯ ಹೊತ್ತಿಗೆ ನಮ್ಮ ಬೇ ಏರಿಯಾದ ಗುಡ್ಡಗಳ ಮೇಲೆ ಕಿತ್ತಳೆ ಬಣ್ಣದ ಹೂವು ಅರಳುವುದನ್ನು ನೀವೆಲ್ಲ ನೋಡಿದ್ದೀರಿ. ಫ್ರೀವೇ ಪಕ್ಕದ ಒಣ ಮಣ್ಣಿನಲ್ಲೂ ಅದೇ ಹೂವು. ಅದರ ನಡುವೆ ಮಕ್ಕಳನ್ನು ಕೂರಿಸಿ ಫೋಟೋ ತೆಗೆದು ಊರಿಗೆ ಕಳಿಸದ ಮನೆ ನಮ್ಮಲ್ಲಿ ಕಡಿಮೆ. ಕ್ಯಾಲಿಫೋರ್ನಿಯಾ ಪಾಪಿ ಎಂದು ಕರೆಯುವ ಈ ಹೂವಿನ ಶಾಸ್ತ್ರೀಯ ಹೆಸರು ಎಶ್‌ಶೋಲ್ಜಿಯಾ ಕ್ಯಾಲಿಫೋರ್ನಿಕಾ. 1816ರಲ್ಲಿ ರೂರಿಕ್ ಎಂಬ ರಷ್ಯನ್ ಹಡಗು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಾಗ ಅದರಲ್ಲಿದ್ದ ಶಮಿಸ್ಸೋ ಎಂಬ ಕವಿ ಈ ಹೂವನ್ನು ಸಂಗ್ರಹಿಸಿದರು. ಅವರು ಸಸ್ಯಶಾಸ್ತ್ರಜ್ಞರೂ ಹೌದು. 1820ರಲ್ಲಿ ಅದಕ್ಕೆ ತಮ್ಮ ಗೆಳೆಯ, ಹಡಗಿನ ವೈದ್ಯ ಎಶ್‌ಶೋಲ್ಟ್ಸ್ ಅವರ ಹೆಸರನ್ನಿಟ್ಟರು. ಕೆಲವು ವರ್ಷಗಳ ನಂತರ ಆ ಗೆಳೆಯ ಇಲ್ಲಿನ ಒಂದು ಲ್ಯೂಪಿನ್ ಗಿಡಕ್ಕೆ ಶಮಿಸ್ಸೋ ಹೆಸರನ್ನಿಟ್ಟು ಋಣ ತೀರಿಸಿದರು. ನಮ್ಮಲ್ಲಿ ಹಾರ ಹಾಕಿದವರಿಗೆ ತಿರುಗಿ ಹಾರ ಹಾಕುತ್ತೇವಲ್ಲ, ಹಾಗೆ.

ಗಿಡಕ್ಕೆ ಯಾರ ಹೆಸರು ಬರುತ್ತದೆ, ಆ ಹೆಸರನ್ನು ಇಡುವ ಅಧಿಕಾರ ಯಾರ ಕೈಯಲ್ಲಿರುತ್ತದೆ, ಗಿಡವನ್ನು ನಿಜವಾಗಿ ನೋಡಿದವರು ಯಾರು? ಇವು ಮೂರು ಬೇರೆ ಬೇರೆ ಸಂಗತಿಗಳು. ಇವತ್ತು ನಾನು ಹೇಳಬೇಕೆಂದಿರುವುದು ಮೂರನೆಯವರ ಬಗ್ಗೆ. ಅವರಲ್ಲಿ ಹೆಚ್ಚಿನವರು ವಿದ್ವಾಂಸರಲ್ಲ. ಶಾಲಾ ಮಾಸ್ತರರು, ಔಷಧಿ ಅಂಗಡಿಯವರು, ಗಣಿ ಶಿಬಿರದಲ್ಲಿ ಸಂಸಾರ ಮಾಡುತ್ತಿದ್ದ ಹೆಂಗಸರು. ಅವರೆಲ್ಲ ಪತ್ರ ಬರೆಯುತ್ತಿದ್ದುದು ಒಬ್ಬರಿಗೆ: ಅಮೆರಿಕದ ಇನ್ನೊಂದು ತುದಿಯಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕುಳಿತಿದ್ದ ಪ್ರೊಫೆಸರ್ ಏಸಾ ಗ್ರೇ ಅವರಿಗೆ.

ಗ್ರೇ 1810ರಲ್ಲಿ ಹುಟ್ಟಿದವರು, 1842ರಿಂದ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರು. ಡಾರ್ವಿನ್ ಅವರ ಆಪ್ತ ಪತ್ರಮಿತ್ರ. ನಿಸರ್ಗದ ಆಯ್ಕೆಯ ಸಿದ್ಧಾಂತವನ್ನು ಡಾರ್ವಿನ್ 1857ರಲ್ಲಿ ಗ್ರೇ ಅವರಿಗೆ ಪತ್ರದಲ್ಲಿ ವಿವರಿಸಿದ್ದರು. ಮರುವರ್ಷ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಆ ಸಿದ್ಧಾಂತವನ್ನು ಮೊದಲ ಬಾರಿ ಮಂಡಿಸಿದಾಗ ಈ ಪತ್ರದ ಭಾಗವನ್ನೂ ಓದಲಾಯಿತು. ಇಂಥ ಗ್ರೇ ಕ್ಯಾಲಿಫೋರ್ನಿಯಾದ ಗಿಡಗಳ ಬಗ್ಗೆ ದಶಕಗಳ ಕಾಲ ಬರೆದರು, ಅವಕ್ಕೆ ಹೆಸರಿಟ್ಟರು. ಆದರೆ ಅವರು ಕ್ಯಾಲಿಫೋರ್ನಿಯಾವನ್ನು ಮೊದಲ ಸಲ ಕಣ್ಣಾರೆ ಕಂಡದ್ದು 1872ರಲ್ಲಿ! ಅಲ್ಲಿಯವರೆಗೆ ಅವರಿಗೆ ಈ ನಾಡೆಂದರೆ ಅಂಚೆಯಲ್ಲಿ ಬಂದ ಕಾಗದದ ಕಟ್ಟುಗಳು.

ಆ ಕಟ್ಟುಗಳ ವ್ಯವಹಾರ ಹೇಗೆ ನಡೆಯುತ್ತಿತ್ತು ಎಂದು ಸ್ವಲ್ಪ ಹೇಳುತ್ತೇನೆ. ಗಿಡವನ್ನು ಹೂವು, ಎಲೆ, ಸಾಧ್ಯವಾದರೆ ಬೇರು, ಕಾಯಿ ಸಮೇತ ಕಿತ್ತು ತೇವ ಹೀರುವ ಕಾಗದದ ನಡುವೆ ಇಟ್ಟು ಹಲಗೆಗಳಿಂದ ಒತ್ತಬೇಕು. ಕಾಗದವನ್ನು ಮತ್ತೆ ಮತ್ತೆ ಬದಲಾಯಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಹಪ್ಪಳ ಒಣಗಿಸಿದವರಿಗೆ ಈ ಕಷ್ಟ ಗೊತ್ತು. ಆಮೇಲೆ ಎಲ್ಲಿ ಸಿಕ್ಕಿತು, ಯಾವ ದಿನ ಎಂಬ ಚೀಟಿ ಮತ್ತು ಒಂದು ಸಂಖ್ಯೆ. ಗುಟ್ಟೆಲ್ಲ ಈ ಸಂಖ್ಯೆಯಲ್ಲಿದೆ. ಒಂದೇ ಗಿಡದ ಎರಡು ಮಾದರಿ ಮಾಡಿ, ಒಂದನ್ನು ಕಳಿಸಿ, ಅದೇ ಸಂಖ್ಯೆಯ ಇನ್ನೊಂದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು. ಇಂಥ ಸಂಖ್ಯೆ ಇಂಥ ಗಿಡ, ಇನ್ನೊಂದು ಹೊಸದು, ಮತ್ತೊಂದರ ಕಾಯಿ ಬೇಕು ಎಂದು ಪ್ರೊಫೆಸರ್ ಉತ್ತರ ಬರೆದರೆ ಸಾಕು, ಇಲ್ಲಿದ್ದವರು ತಮ್ಮ ಕಟ್ಟು ಬಿಚ್ಚಿ ನೋಡಿ ಕಲಿಯಬಹುದು. ಪುಸ್ತಕವಿಲ್ಲದ, ಕಾಲೇಜಿಲ್ಲದ ಊರಿನಲ್ಲಿ ಇದೇ ಅವರ ಕರೆಸ್ಪಾಂಡೆನ್ಸ್ ಕೋರ್ಸ್. 1869ರಲ್ಲಿ ಖಂಡದ ಉದ್ದಕ್ಕೂ ರೈಲು ಬರುವವರೆಗೆ ಅಂಚೆಯ ದೊಡ್ಡ ಪಾಲು ಹಡಗಿನಲ್ಲಿ ಪನಾಮಾ ಸುತ್ತಿ ಹೋಗುತ್ತಿತ್ತು. ಹೋಗಲು ಮೂರು ನಾಲ್ಕು ವಾರ, ಉತ್ತರಕ್ಕೆ ಮತ್ತೆ ಅಷ್ಟೇ. ಅಷ್ಟರಲ್ಲಿ ಹೂವಿನ ಕಾಲ ಮುಗಿದಿರುತ್ತಿತ್ತು. ಕಾಯಿ ಕಳಿಸಬೇಕಾದರೆ ಮುಂದಿನ ವರ್ಷ.

ಗ್ರೇ 1864ರಲ್ಲಿ ಹಾರ್ವರ್ಡ್‌ಗೆ ಸುಮಾರು 2 ಲಕ್ಷ ಒಣಗಿಸಿದ ಗಿಡಗಳನ್ನೂ 2,200 ಪುಸ್ತಕಗಳನ್ನೂ ದಾನ ಮಾಡಿದರು. ಒಬ್ಬ ಮನುಷ್ಯ ಅಷ್ಟು ಗಿಡ ಕೀಳಲು ಸಾಧ್ಯವಿಲ್ಲ. ಅವುಗಳಲ್ಲಿ ಬಹುಪಾಲು ಬೇರೆಯವರು ಬೆವರು ಸುರಿಸಿ ಕಳಿಸಿದ್ದು.

ಈ ಪತ್ರವ್ಯವಹಾರಕ್ಕೆ ಕಾಯದೆ ನಾವೇ ಮಾಡೋಣ ಎಂದವರೂ ಇದ್ದರು. ಡಾಕ್ಟರ್ ಆಲ್ಬರ್ಟ್ ಕೆಲಾಗ್ ಅಂಥವರು. (ಬೆಳಗಿನ ತಿಂಡಿಯ ಡಬ್ಬದ ಕೆಲಾಗ್ ಅಲ್ಲ, ಮಕ್ಕಳೇ.) ಚಿನ್ನದ ಗದ್ದಲದ ಕಾಲದಲ್ಲಿ ಬಂದ ಇವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೈದ್ಯ ವೃತ್ತಿ ಮಾಡುತ್ತಿದ್ದರು. 1853ರ ಏಪ್ರಿಲ್‌ನಲ್ಲಿ ಏಳು ಜನ ಸೇರಿ ಮಾಂಟ್ಗೊಮೆರಿ ಬೀದಿಯ ಒಂದು ಕಚೇರಿಯಲ್ಲಿ ವಿಜ್ಞಾನದ ಸಂಘ ಕಟ್ಟಿದರು. ಅವರಲ್ಲಿ ಕೆಲಾಗ್ ಒಬ್ಬರು. ಅದೇ ಈಗ ಗೋಲ್ಡನ್ ಗೇಟ್ ಪಾರ್ಕ್‌ನಲ್ಲಿರುವ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್. ನಾವು ಶಾಲೆಯ ರಜೆಯಲ್ಲಿ ಪೆಂಗ್ವಿನ್ ನೋಡಲು ಹೋಗುವ ಜಾಗ. ವಿಜ್ಞಾನದ ಎಲ್ಲ ವಿಭಾಗಗಳಲ್ಲೂ ಹೆಂಗಸರ ಸಹಕಾರ ಬೇಕು ಎಂದು ಆ ಸಂಘ ಮೊದಲ ವರ್ಷವೇ ನಿರ್ಣಯ ಮಾಡಿತ್ತು.

ಕೆಲಾಗ್ ಅವರ ಕೈಗೆ ಒಂದು ದೊಡ್ಡ ಅವಕಾಶ ಬಂದು ತಪ್ಪಿಹೋಯಿತು. 1852ರಲ್ಲಿ ಡೌಡ್ ಎಂಬ ಬೇಟೆಗಾರ ಕರಡಿಯ ಬೆನ್ನು ಹತ್ತಿ ಹೋಗಿ ಕ್ಯಾಲವೆರಾಸ್ ಕಾಡಿನಲ್ಲಿ ಯಾರೂ ನಂಬದಷ್ಟು ದೊಡ್ಡ ಮರಗಳನ್ನು ಕಂಡ. ಅದರ ಕೊಂಬೆ ಕೆಲಾಗ್ ಅವರಿಗೆ ತಲುಪಿತು. ಇನ್ನೂ ಒಳ್ಳೆಯ ಮಾದರಿ ಬರಲಿ, ಪೂರ್ತಿ ನೋಡಿ ಬರೆಯೋಣ ಎಂದು ಅವರು ಕಾದರು. ಮರದ ಸುದ್ದಿ ವಿಲಿಯಂ ಲಾಬ್ ಎಂಬ ಇಂಗ್ಲಿಷ್ ಸಂಗ್ರಾಹಕರ ಕಿವಿಗೆ ಬಿತ್ತು. ಲಾಬ್ ಹವ್ಯಾಸಿಯಲ್ಲ, ವೀಚ್ ನರ್ಸರಿಯ ಸಂಬಳದವರು. ನೇರವಾಗಿ ಕಾಡಿಗೆ ಹೋಗಿ ಬೀಜ, ಕಾಯಿ, ಸಸಿ ತೆಗೆದುಕೊಂಡು ಹಡಗು ಹತ್ತಿದರು. 1853ರ ಡಿಸೆಂಬರ್‌ನಲ್ಲೇ ಲಂಡನ್ನಿನಲ್ಲಿ ಲಿಂಡ್ಲಿ ಎಂಬ ವಿದ್ವಾಂಸರು ಆ ಮರಕ್ಕೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಹೆಸರನ್ನಿಟ್ಟು ಪ್ರಕಟಿಸಿಬಿಟ್ಟರು. ಅಮೆರಿಕದ ಮರಕ್ಕೆ ಇಂಗ್ಲಿಷ್ ಸೇನಾಪತಿಯ ಹೆಸರೇ ಎಂದು ಇಲ್ಲಿ ಸಿಟ್ಟೋ ಸಿಟ್ಟು. ಕೆಲಾಗ್ ವಾಷಿಂಗ್ಟನ್ ಹೆಸರನ್ನು ಮುಂದಿಟ್ಟರು, ಅದು ನಿಲ್ಲಲಿಲ್ಲ. ವೆಲ್ಲಿಂಗ್ಟನ್ ಹೆಸರೂ ನಿಯಮದ ಪ್ರಕಾರ ನಿಲ್ಲಲಿಲ್ಲ, ಏಕೆಂದರೆ ಅದನ್ನು ಬೇರೊಂದು ಗಿಡಕ್ಕೆ ಆಗಲೇ ಇಟ್ಟಾಗಿತ್ತು. ಈಗಿನ ಸಿಕ್ವೊಯಾಡೆಂಡ್ರಾನ್ ಎಂಬ ಹೆಸರು 1939ರದು. ವಾಷಿಂಗ್ಟೋನಿಯಾ ಎಂಬ ಹೆಸರನ್ನು 1879ರಲ್ಲಿ ಜರ್ಮನಿಯ ವೆಂಡ್‌ಲ್ಯಾಂಡ್ ಒಂದು ತಾಳೆ ಜಾತಿಗೆ ಕೊಟ್ಟರು. ನಮ್ಮ ಶಾಪಿಂಗ್ ಸೆಂಟರುಗಳ ಮುಂದೆ ಸಾಲಾಗಿ ನಿಂತಿರುವ ಬೀಸಣಿಗೆ ತಾಳೆ ಅದೇ.

ಕೆಲಾಗ್ ಅವರಿಗೆ ಆ ಮರ ದಕ್ಕಲಿಲ್ಲ, ನಿಜ. ಆದರೆ ನಮ್ಮ ಬೆಟ್ಟಗಳ ಬ್ಲಾಕ್ ಓಕ್ ಮರದ ಶಾಸ್ತ್ರೀಯ ಹೆಸರಿನಲ್ಲಿ ಅವರಿದ್ದಾರೆ.

ಈಗ ಓಕ್ಲೆಂಡಿನ ದಂಪತಿಗಳ ವಿಷಯಕ್ಕೆ ಬರುತ್ತೇನೆ. ಜಾನ್ ಗಿಲ್ ಲೆಮ್ಮನ್ ಅಂತರ್ಯುದ್ಧದಲ್ಲಿ ಉತ್ತರದ ಕಡೆಯ ಸೈನಿಕ. ಆಂಡರ್ಸನ್‌ವಿಲ್ ಎಂಬ ಕುಖ್ಯಾತ ಸೆರೆ ಶಿಬಿರದಲ್ಲಿ ಸಿಕ್ಕಿ, ಬಿಡುಗಡೆಯಾದಾಗ ಎಲುಬಿನ ಹಂದರವಾಗಿದ್ದರು. ಚೇತರಿಸಿಕೊಳ್ಳಲು 1866ರಲ್ಲಿ ಸಿಯೆರಾ ಕಣಿವೆಯಲ್ಲಿದ್ದ ಬಂಧುಗಳ ಮನೆಗೆ ಬಂದರು. ದೂರ ನಡೆಯುವ ಶಕ್ತಿ ಇರಲಿಲ್ಲ. ಮನೆಯ ಸುತ್ತ ನಡೆಯುವಷ್ಟರಲ್ಲಿ ಸಿಕ್ಕ ಗಿಡಗಳನ್ನೇ ಒಣಗಿಸಿ ಸ್ಯಾನ್ ಫ್ರಾನ್ಸಿಸ್ಕೋದ ಬೊಲ್ಯಾಂಡರ್ ಎಂಬ ಸಸ್ಯಶಾಸ್ತ್ರಜ್ಞರಿಗೆ ಕೊಟ್ಟರು. ಅವರು ಅವನ್ನು ಗ್ರೇ ಅವರಿಗೆ ಕಳಿಸಿದರು. ಅದರಲ್ಲಿ ಕೆಲವು ಹೊಸ ಗಿಡಗಳು! ಹಾಸಿಗೆ ಹಿಡಿದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಟಾನಿಕ್ ಯಾವುದು? ಶಾಲೆಯಲ್ಲಿ ಪಾಠ ಹೇಳುತ್ತ, ಉಳಿದ ಹೊತ್ತೆಲ್ಲ ಬೆಟ್ಟ ಹತ್ತುತ್ತ ಲೆಮ್ಮನ್ ಪೂರ್ತಿ ಗಿಡದ ಮನುಷ್ಯರಾದರು.

ಸಾರಾ ಪ್ಲಮರ್ ಕೂಡ ಆರೋಗ್ಯಕ್ಕಾಗಿಯೇ ಪಶ್ಚಿಮಕ್ಕೆ ಬಂದವರು. ಸ್ಯಾಂಟಾ ಬಾರ್ಬರಾದಲ್ಲಿ ಒಂದು ಗ್ರಂಥಾಲಯ ನಡೆಸುತ್ತಿದ್ದರು, ಚಿತ್ರ ಬರೆಯುತ್ತಿದ್ದರು. 1876ರಲ್ಲಿ ಲೆಮ್ಮನ್ ಅಲ್ಲಿಗೆ ಬಂದಾಗ ಪರಿಚಯವಾಯಿತು. ಗಮನಿಸಿ, ಸಾರಾ ಸಂಗ್ರಹಿಸಿದ ಒಂದು ಗಿಡಕ್ಕೆ ಗ್ರೇ ಬ್ಯಾಕಾರಿಸ್ ಪ್ಲಮರೆ ಎಂದು ಹೆಸರಿಟ್ಟದ್ದು ಮದುವೆಗೆ ಮುಂಚೆ. 1880ರಲ್ಲಿ ಮದುವೆ. ಮರುವರ್ಷ ಅವರ ಮಧುಚಂದ್ರ ಅರಿಜೋನಾದ ಮುಳ್ಳುಕಾಡಿನಲ್ಲಿ, ಗಿಡ ಒತ್ತುವ ಹಲಗೆಗಳ ಜೊತೆ. ಟೂಸಾನ್ ಹತ್ತಿರದ ಸ್ಯಾಂಟಾ ಕ್ಯಾಟಲೀನಾ ಬೆಟ್ಟಗಳ ತುತ್ತತುದಿ ಹತ್ತಿದರು. ಆ ಶಿಖರ ಇಂದಿಗೂ ಮೌಂಟ್ ಲೆಮ್ಮನ್, ಅದು ಸಾರಾ ಅವರ ಗೌರವಾರ್ಥ ಇಟ್ಟ ಹೆಸರು. ಗ್ರೇ 1882ರಲ್ಲಿ ಪ್ಲಮೆರಾ ಎಂಬ ಒಂದು ಇಡೀ ಕುಲಕ್ಕೇ ಆಕೆಯ ಹೆಸರನ್ನು ಕೊಟ್ಟರು. ಮುಂದೆ ಆ ಕುಲವನ್ನು ಬೇರೊಂದರಲ್ಲಿ ಸೇರಿಸಿದರು, ಅದು ಶಾಸ್ತ್ರದ ಕ್ರಮ.

ಇಷ್ಟೆಲ್ಲ ಮಾಡಿದ ಈ ಹೆಣ್ಣುಮಗಳು ಮದುವೆಯ ನಂತರದ ಹಾಳೆಗಳ ಚೀಟಿಯ ಮೇಲೆ ಹೇಗೆ ಕಾಣುತ್ತಾರೆ ಗೊತ್ತೆ? 'ಜೆ. ಜಿ. ಲೆಮ್ಮನ್ ಮತ್ತು ಪತ್ನಿ'. ಅಷ್ಟೇ. ಮತ್ತು ಪತ್ನಿ! ಎಚ್-4 ವೀಸಾದಲ್ಲಿ ಈ ದೇಶಕ್ಕೆ ಬಂದ ನಮ್ಮ ಅಕ್ಕತಂಗಿಯರಿಗೆ ಈ ಎರಡು ಪದಗಳ ಅರ್ಥ ವಿವರಿಸಬೇಕಾಗಿಲ್ಲ. ಎಂ.ಎಸ್ಸಿ. ಮಾಡಿ, ಕಾಲೇಜಿನಲ್ಲಿ ಪಾಠ ಹೇಳಿ ಬಂದು, ಇಲ್ಲಿ ಎಲ್ಲ ಅರ್ಜಿಗಳಲ್ಲೂ ಇನ್ನೊಬ್ಬರ ಹೆಸರಿನ ಕೆಳಗೆ ವರ್ಷಗಟ್ಟಲೆ ಕುಳಿತವರು ಈ ಸಭೆಯಲ್ಲೇ ಇದ್ದಾರೆ. ನಮ್ಮ ಈ ಸಂಸ್ಥೆಯ ಲೆಕ್ಕಪತ್ರ ಇಟ್ಟವರೂ, ಅಡುಗೆಗೆ ನಿಂತವರೂ, ಊರಿನ ಶಾಲೆಗಳಿಗೆ ಪತ್ರ ಬರೆದವರೂ ಅವರೇ. ಲೆಮ್ಮನ್ ಕೆಟ್ಟ ಗಂಡನಾಗಿರಲಿಲ್ಲ. ಹೆಂಡತಿಯ ಕೆಲಸದ ಬಗ್ಗೆ ಅವರಿಗೆ ಹೆಮ್ಮೆಯಿತ್ತು, ಆದ್ದರಿಂದಲೇ ಚೀಟಿಯಲ್ಲಿ ಅಷ್ಟಾದರೂ ಸೇರಿಸಿದರು ಎಂದು ವಾದಿಸಬಹುದು. ಇದ್ದರೂ ನನಗೆ ಆ ಚೀಟಿಯ ಮೇಲೆ ಸಿಟ್ಟು ಇದೆ. ಅದನ್ನು ಅಡಗಿಸುವುದಿಲ್ಲ.

ಅವರ ಓಕ್ಲೆಂಡಿನ ಮನೆಯೇ ಲೆಮ್ಮನ್ ಹರ್ಬೇರಿಯಂ ಆಯಿತು. ಹರ್ಬೇರಿಯಂ ಎಂದರೆ ಒಣಗಿಸಿದ ಗಿಡಗಳ ಭಂಡಾರ. ಆ ಸಂಗ್ರಹ ಈಗ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದೆ. ಪಾಪಿಯನ್ನು ರಾಜ್ಯದ ಹೂವಾಗಿ ಮಾಡಬೇಕೆಂದು ವರ್ಷಗಳ ಕಾಲ ಹೋರಾಡಿದವರೂ ಸಾರಾ ಅವರೇ. 1903ರಲ್ಲಿ, ಓಕ್ಲೆಂಡಿನವರೇ ಆದ ಗವರ್ನರ್ ಪಾರ್ಡಿ ಅದಕ್ಕೆ ಸಹಿ ಹಾಕಿದರು.

ಲೆಮ್ಮನ್ ಅವರ ಪತ್ರಬಳಗದಲ್ಲಿ ಒಬ್ಬ ಹೆಂಗಸಿದ್ದರು, ರೆಬೆಕಾ ಆಸ್ಟಿನ್. ನನ್ನ ಮಟ್ಟಿಗೆ ಈ ಕಥೆಯ ನಾಯಕಿ ಆಕೆಯೇ. 1832ರಲ್ಲಿ ಕೆಂಟಕಿಯಲ್ಲಿ ಹುಟ್ಟಿದವರು. ಮೊದಲ ಗಂಡ ತೀರಿಕೊಂಡ ಮೇಲೆ ಮರುಮದುವೆಯಾಗಿ, 1865ರಲ್ಲಿ ಪ್ಲೂಮಾಸ್ ಕೌಂಟಿಯ ಚಿನ್ನದ ಗಣಿಗಳ ನಾಡಿಗೆ ಬಂದರು. ಕೈತುಂಬ ಸಂಸಾರದ ಕೆಲಸ, ಕೈಯಲ್ಲಿ ದುಡ್ಡಿಲ್ಲ. ಅವರ ಮನೆಯ ಸುತ್ತಿನ ಜೌಗು ನೆಲದಲ್ಲಿ ಒಂದು ವಿಚಿತ್ರ ಗಿಡ ಬೆಳೆಯುತ್ತಿತ್ತು. ಹೆಡೆ ಎತ್ತಿದ ನಾಗರಹಾವಿನ ಹಾಗೆ, ಹೆಡೆಯ ಮುಂದೆ ಸೀಳು ನಾಲಗೆ ಬೇರೆ. ಶಾಸ್ತ್ರೀಯ ಹೆಸರು ಡಾರ್ಲಿಂಗ್ಟೋನಿಯಾ, ಜನ ಕರೆಯುವುದು ಕೋಬ್ರಾ ಲಿಲಿ. ನಮ್ಮೂರಲ್ಲಿ ಬೆಳೆದಿದ್ದರೆ ಅದಕ್ಕೊಂದು ನಾಗರಕಟ್ಟೆ ಕಟ್ಟಿ ಹಾಲೆರೆಯುತ್ತಿದ್ದೆವೋ ಏನೋ.

ಆ ಗಿಡ 1853ರಲ್ಲೇ ಶಾಸ್ತ್ರಕ್ಕೆ ಸೇರಿತ್ತು. ಹೆಸರಿತ್ತು, ವರ್ಣನೆಯಿತ್ತು. ಆದರೆ ಅದು ಬದುಕುವುದು ಹೇಗೆ ಎಂದು ಒಣಗಿದ ಹಾಳೆ ನೋಡಿ ಹೇಳಲು ಬರುವುದಿಲ್ಲ. ರೆಬೆಕಾ ಅದರ ಪಕ್ಕದಲ್ಲೇ ವಾಸವಿದ್ದವರು. ಕೊಳವೆಯಂಥ ಎಲೆಗಳನ್ನು ದಿನದಿನವೂ ನೋಡಿದರು. ಯಾವ ಹುಳ ಒಳಗೆ ಹೋಗುತ್ತದೆ, ಹೋದದ್ದು ಹೊರಗೆ ಬರುತ್ತದೆಯೇ, ಒಳಗಿನ ನೀರಿನಲ್ಲಿ ಅದಕ್ಕೆ ಏನಾಗುತ್ತದೆ. ಹಸಿ ಮಾಂಸದ ಚೂರುಗಳನ್ನು ಎಲೆಯೊಳಗೆ ಹಾಕಿ ಪರೀಕ್ಷೆ ಮಾಡಿದರು. ಯಾವ ಪ್ರಯೋಗಾಲಯವೂ ಇಲ್ಲ, ಅಡುಗೆಮನೆಯ ಮಾಂಸ ಮತ್ತು ತಾಳ್ಮೆ. ಕಂಡದ್ದನ್ನೆಲ್ಲ ಪತ್ರದಲ್ಲಿ ಬರೆದು ಡೆಲವೇರ್‌ನ ವಿಲಿಯಂ ಕ್ಯಾನ್ಬಿ ಅವರಿಗೂ ಏಸಾ ಗ್ರೇ ಅವರಿಗೂ ಕಳಿಸಿದರು. ಕ್ಯಾನ್ಬಿ ಕೂಡ ಹವ್ಯಾಸಿಯೇ, ವೃತ್ತಿಯಿಂದ ವ್ಯಾಪಾರಿ. ಈ ಗಿಡ ಕೀಟಾಹಾರಿ ಎಂದು ಅವರು ವಿಜ್ಞಾನಿಗಳ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದರು, ಅದಕ್ಕೆ ರೆಬೆಕಾ ಅವರ ಪತ್ರಗಳೇ ಆಧಾರವಾಗಿದ್ದವು. ಡಾರ್ವಿನ್ ಅವರ ಕೀಟಾಹಾರಿ ಸಸ್ಯಗಳ ಪುಸ್ತಕ ಬಂದದ್ದು 1875ರಲ್ಲಿ. ಅಂದರೆ ಆಗಿನ ಜಗತ್ತಿನ ಅತ್ಯಂತ ಬಿಸಿ ಪ್ರಶ್ನೆಗೆ ಗಣಿ ಶಿಬಿರದ ಗೃಹಿಣಿಯೊಬ್ಬಳು ಸಾಕ್ಷ್ಯ ಒದಗಿಸುತ್ತಿದ್ದಳು. ಕೊಳವೆಯೊಳಗೆ ಹುಳಗಳು ಕರಗುವುದರಲ್ಲಿ ಅಲ್ಲಿನ ಸೂಕ್ಷ್ಮಜೀವಿಗಳ ಪಾತ್ರ ದೊಡ್ಡದು ಎಂದು ಈಗ ತಿಳಿದಿದೆ. ಅದಕ್ಕೆಲ್ಲ ಬುನಾದಿ ಆ ಕಾಲದ ಈ ಬಗೆಯ ವೀಕ್ಷಣೆಗಳು.

ರೆಬೆಕಾ ಗಿಡಗಳನ್ನು ಒಣಗಿಸಿ ಸಂಗ್ರಾಹಕರಿಗೆ ಮಾರಿ ಮನೆಖರ್ಚಿಗೆ ಸೇರಿಸುತ್ತಿದ್ದರು. ಮುಂದೆ ಮಗಳೂ ಸಂಗ್ರಾಹಕಿಯಾದಳು. 1876ರಲ್ಲಿ ಗ್ರೇ ಒಂದು ಆರ್ಕಿಡ್‌ಗೆ ಆಕೆಯ ಹೆಸರನ್ನಿಟ್ಟರು. ಆ ಗಿಡ ತಲೆಯಿಂದ ಬುಡದವರೆಗೆ ಬಿಳಿ, ಹಸಿರು ಎಂಬುದೇ ಇಲ್ಲ. ನೆಲದೊಳಗಿನ ಶಿಲೀಂಧ್ರಗಳಿಂದ ಆಹಾರ ಪಡೆದು ಬದುಕುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಭೂತದ ಆರ್ಕಿಡ್ ಎಂಬ ಅರ್ಥದ ಹೆಸರಿದೆ. ಕೋಬ್ರಾ ಲಿಲಿಯನ್ನು ನೋಡಬೇಕೆನ್ನುವವರು ಸ್ಯಾಕ್ರಮೆಂಟೋ ಕಣಿವೆ ದಾಟಿ ಕ್ವಿನ್ಸಿ ಎಂಬ ಊರಿನ ಕಡೆಗೆ ಹೋಗಿ. ಹತ್ತಿರದ ಬಟರ್‌ಫ್ಲೈ ಕಣಿವೆಯನ್ನು ಅರಣ್ಯ ಇಲಾಖೆ ಸಸ್ಯಗಳಿಗಾಗಿಯೇ ಕಾಯ್ದಿಟ್ಟಿದೆ.

ಗ್ರೇ ಮೇಲೆ ದೂರು ಹೇಳಬೇಕೆ? ಗಿಡದ ಹೆಸರಿನ ಹಿಂದೆ ಹೆಸರಿಟ್ಟವರ ಹೆಸರು ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಆ ಜಾಗದಲ್ಲಿ ಯಾವಾಗಲೂ ಗ್ರೇ, ರೆಬೆಕಾ ಅಲ್ಲ. ಪೂರ್ವಕ್ಕೆ ಹೋದ ಮಾದರಿ ಪೂರ್ವದಲ್ಲೇ ಉಳಿಯಿತು. ತಾವು ಕಂಡ ಗಿಡದ ವಿಷಯ ತೀರ್ಮಾನವಾಗಬೇಕಾದರೆ ಕ್ಯಾಲಿಫೋರ್ನಿಯಾದವರು ಮೂರು ಸಾವಿರ ಮೈಲಿ ದೂರದ ಉತ್ತರಕ್ಕೆ ಕಾಯಬೇಕು. ಇದಕ್ಕೆ ಇಲ್ಲಿನವರು ಗೊಣಗಿದ್ದೂ ಉಂಟು, ದಂಗೆ ಎದ್ದದ್ದೂ ಉಂಟು. ಆದರೆ ನ್ಯಾಯವಾಗಿ ಹೇಳುವುದಾದರೆ, ಡಿಗ್ರಿಯಿಲ್ಲದ ಹೆಂಗಸಿನ ಪತ್ರಕ್ಕೂ ಸಮನಾಗಿ ಉತ್ತರ ಬರೆದ ಪ್ರೊಫೆಸರುಗಳು ಆಗಲೂ ಹೆಚ್ಚಿರಲಿಲ್ಲ, ಈಗಲೂ ಹೆಚ್ಚಿಲ್ಲ.

ಮಾರ್ಟಿನೆಜ್‌ನಲ್ಲಿ ಮನೆ ಮಾಡಿದ್ದ ಜಾನ್ ಮ್ಯೂರ್ ಕೂಡ ಈ ಬಳಗದವರೇ. 1872ರಲ್ಲಿ ಗ್ರೇ ಯೋಸೆಮಿಟಿಗೆ ಬಂದಾಗ ಬೆಟ್ಟ ತೋರಿಸಿದವರು ಅವರು. ಅವರು ಕಂಡ ಒಂದು ಪುಟ್ಟ ಬೆಟ್ಟದ ಗಿಡ ಈಗ ಐವಿಸಿಯಾ ಮ್ಯೂರಿ. 1877ರಲ್ಲಿ ಗ್ರೇ ಮತ್ತೆ ಬಂದರು. ಶಾಸ್ತಾ ಪರ್ವತದ ತಪ್ಪಲಿನಲ್ಲಿ ಮೂವರು ಬೆಂಕಿ ಹಾಕಿಕೊಂಡು ಕುಳಿತರು: ಗ್ರೇ, ಮ್ಯೂರ್, ಮತ್ತು ಲಂಡನ್ನಿನ ಕ್ಯೂ ತೋಟದ ನಿರ್ದೇಶಕ ಜೋಸೆಫ್ ಹೂಕರ್.

ಈ ಹೂಕರ್ ನಮ್ಮ ಊರಿನ ಗಿಡಗಳ ಲೆಕ್ಕ ಬರೆದವರು. ಬ್ರಿಟಿಷ್ ಇಂಡಿಯಾದ ಸಸ್ಯಗಳ ಏಳು ಸಂಪುಟಗಳು 1872ರಿಂದ 1897ರವರೆಗೆ ಅವರ ನೇತೃತ್ವದಲ್ಲಿ ಹೊರಬಂದವು. ಅವಕ್ಕೆ ಸಾಮಗ್ರಿ ಹೋದದ್ದು ಹೇಗೆ? ಇದೇ ಥರ, ಕಟ್ಟುಗಳಲ್ಲಿ. ಅವರ ತಂದೆ ವಿಲಿಯಂ ಹೂಕರ್ ಕಾಲದಲ್ಲೇ ಹ್ಯೂ ಕ್ಲೆಗ್‌ಹಾರ್ನ್ ಎಂಬ ಯುವ ವೈದ್ಯ ಶಿವಮೊಗ್ಗದಲ್ಲಿದ್ದರು. ದಿನಕ್ಕೊಂದು ಗಿಡವನ್ನು ಕಾಲು ಗಂಟೆ ನೋಡು ಎಂಬ ಹಿರಿಯ ಹೂಕರ್ ಅವರ ಸಲಹೆಯನ್ನು ವ್ರತದಂತೆ ಪಾಲಿಸಿದವರು. 1840ರ ದಶಕದಲ್ಲಿ ಒಬ್ಬ ಮರಾಠಿ ಚಿತ್ರಕಾರರನ್ನು ಇಟ್ಟುಕೊಂಡು ಮಲೆನಾಡಿನ ಗಿಡಗಳ ಚಿತ್ರ ಬರೆಸಿದರು. ಆ ಚಿತ್ರಗಳು ಎಡಿನ್ಬರೋದಲ್ಲಿ ಭದ್ರವಾಗಿವೆ. ಮೂಗಿಗೆ ಹತ್ತಿರ ಹಿಡಿದು ಎಲೆಯ ನರ ನರವನ್ನೂ ಬರೆದ ಆ ಚಿತ್ರಕಾರರು ಮಾತ್ರ 'ಮರಾಠಿ ಚಿತ್ರಕಾರ' ಎಂದಷ್ಟೇ ಉಳಿದಿದ್ದಾರೆ. ನೋಡಿ, ಇದೂ 'ಮತ್ತು ಪತ್ನಿ'ಯ ಜಾತಿಗೇ ಸೇರಿದ್ದು. ಮಂಗಳೂರಿನ ಸುತ್ತ ಬಾಸೆಲ್ ಮಿಷನ್ನಿನ ಪಾದ್ರಿ ಮೆಟ್ಜ್ ಕೂಡಿಸಿದ ಗಿಡಗಳು ಯುರೋಪಿನ ಭಂಡಾರಗಳಿಗೆ ಹೋದದ್ದೂ ಹಂಚಿದವರಾದ ಹೋಹೆನಾಕರ್ ಅವರ ಚೀಟಿ ಹೊತ್ತು. ಒಂದು ಸಮಾಧಾನದ ಉದಾಹರಣೆಯಿದೆ: ಮದರಾಸಿನ ಕಡೆ ರಾಬರ್ಟ್ ವೈಟ್ ಎಂಬ ಸಸ್ಯಶಾಸ್ತ್ರಜ್ಞರು ತಮ್ಮ ಚಿತ್ರಕಾರ ಗೋವಿಂದು ಅವರ ಹೆಸರಿನಲ್ಲಿ ಗೋವಿಂದೂಯಾ ಎಂಬ ಆರ್ಕಿಡ್ ಕುಲವನ್ನೇ ಮಾಡಿದರು. ಮನಸ್ಸಿದ್ದರೆ ಮಾಡಬಹುದಿತ್ತು ಎನ್ನುವುದಕ್ಕೆ ಹೇಳಿದೆ.

ಮತ್ತೆ ಸ್ಯಾನ್ ಫ್ರಾನ್ಸಿಸ್ಕೋಗೆ. 1906ರ ಏಪ್ರಿಲ್ 18ರ ಬೆಳಿಗ್ಗೆ ಭೂಕಂಪ. ಅಕಾಡೆಮಿ ಆಗ ಮಾರ್ಕೆಟ್ ಬೀದಿಯಲ್ಲಿತ್ತು. ಬೆಂಕಿ ಹತ್ತಿರವಾಗುತ್ತಿದೆ, ಮೆಟ್ಟಿಲುಗಳು ಮುರಿದಿವೆ. ಸಸ್ಯ ವಿಭಾಗದ ಆಲಿಸ್ ಈಸ್ಟ್‌ವುಡ್ ಎಂಬಾಕೆ, ಆಕೆಯೂ ಶಾಲಾ ಶಿಕ್ಷಕಿಯಾಗಿದ್ದು ತಾನೇ ಗಿಡಶಾಸ್ತ್ರ ಕಲಿತವರು, ಕಂಬಿ ಹಿಡಿದು ಆರನೆಯ ಮಹಡಿಗೆ ಹತ್ತಿದರು. ಹೊಸ ಗಿಡಕ್ಕೆ ಹೆಸರಿಡುವಾಗ ಆಧಾರವಾದ ಮೂಲ ಮಾದರಿಗಳನ್ನು ಅವರು ಮುಂದಾಲೋಚನೆಯಿಂದ ಬೇರೆಯಾಗಿಯೇ ಇಟ್ಟಿದ್ದರು. ಗೆಳೆಯರೊಬ್ಬರ ನೆರವಿನಿಂದ ಅವನ್ನು ಹಗ್ಗ ಕಟ್ಟಿ ಕೆಳಗಿಳಿಸಿದರು. ಉಳಿದದ್ದು 1,497 ಹಾಳೆಗಳು. ಉಳಿದ ಸಂಗ್ರಹವೆಲ್ಲ ಬೂದಿ. ಆಕೆಯ ಸ್ವಂತ ಮನೆಯೂ ಬೆಂಕಿಗೆ ಹೋಯಿತು.

ಆ ಹಳೆಯ ಹಾಳೆಗಳಲ್ಲಿ ಬಹಳಷ್ಟರ ಚಿತ್ರಗಳನ್ನು, ಚೀಟಿಯ ವಿವರಗಳನ್ನು ಕ್ಯಾಲಿಫೋರ್ನಿಯಾದ ಹರ್ಬೇರಿಯಂಗಳು ಅಂತರ್ಜಾಲಕ್ಕೆ ಹಾಕಿವೆ. ಯಾವ ಹೂವು ಯಾವ ವರ್ಷ ಯಾವ ವಾರ ಅರಳಿತ್ತು ಎಂದು ನೋಡಿ, ಈಗ ಎಷ್ಟು ಬೇಗ ಅರಳುತ್ತಿದೆ ಎಂದು ಹೋಲಿಸುತ್ತಾರೆ. ರೆಬೆಕಾ, ಸಾರಾ ಅವರು ಬರೆದಿಟ್ಟ ತಾರೀಖುಗಳು ಹವಾಮಾನದ ಲೆಕ್ಕಕ್ಕೆ ಬರುತ್ತಿವೆ. 2008ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳು ಐ-ನ್ಯಾಚುರಲಿಸ್ಟ್ ಎಂಬ ವ್ಯವಸ್ಥೆ ಶುರು ಮಾಡಿದರು. ಫೋನಿನಲ್ಲಿ ಗಿಡದ ಫೋಟೋ ತೆಗೆದು ಹಾಕಿದರೆ ಬಲ್ಲವರು ಹೆಸರು ಹೇಳುತ್ತಾರೆ. ಗ್ರೇ ಅವರ ಉತ್ತರ ಈಗ ಕೆಲವೊಮ್ಮೆ ಐದು ನಿಮಿಷದಲ್ಲಿ ಬರುತ್ತದೆ.

ಆರು ತಿಂಗಳಿಗೆಂದು ಊರಿನಿಂದ ಬಂದು, ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಪಾರ್ಕಿನಲ್ಲಿ ಸುತ್ತುವ ತಂದೆ ತಾಯಂದಿರು ನಮ್ಮ ನಡುವೆ ಎಷ್ಟೊಂದು ಜನ. ಎಲೆ ಹಿಸುಕಿ ಮೂಸಿ ಗಿಡದ ಗುಣ ಹೇಳುವ ಕಣ್ಣು, ಮೂಗು ಅವರಿಗಿದೆ. ಮೊಮ್ಮಕ್ಕಳು ಫೋನು ಹಿಡಿಯಲಿ, ಅಜ್ಜಿ ನೋಡಲಿ. ಪಾರ್ಕಿನಲ್ಲಿ ಗಿಡ ಕೀಳುವುದು ನಿಷಿದ್ಧ, ಫೋಟೋ ಮಾತ್ರ. ಹೆಸರು ತುಂಬುವ ಜಾಗದಲ್ಲಿ ಗಿಡವನ್ನು ಮೊದಲು ಕಂಡವರು ಅಜ್ಜಿಯಾಗಿದ್ದರೆ ದಯವಿಟ್ಟು ಅಜ್ಜಿಯ ಹೆಸರನ್ನೇ, ಪೂರ್ತಿಯಾಗಿ, ಬರೆಯಿರಿ.